ಉಸಿರಾಡುತ್ತಿದ್ದಾಳಂತೆ

ಬೀದಿಯವರಿಗೆಲ್ಲ ಅವಳು ಗರಿಗರಿಯಕ್ಕ. ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಕೆಲಸ. ಅವಳ ಕೈಯಿಂದ ಹೊರಬಂದ ಅಂಗಿ ಮೈಯಿಲ್ಲದೆಯೂ ಎದ್ದು ನಿಲ್ಲುತ್ತದೆ, ಬಾಗಿಲು ತೆಗೆದರೆ ತಾನೇ ನಡೆದು ಮನೆಗೆ ಹೋಗುತ್ತದೆ ಅಂತ ಜೊತೆಯ ಹೆಂಗಸರು ನಗುತ್ತಿದ್ದರು. ಊರವರ ಸುಕ್ಕನ್ನೆಲ್ಲ ತೆಗೆದು ಸಂಜೆ ಮನೆಗೆ ಬರುವಾಗ ಅವಳು ಮಾತ್ರ ಹಿಂಡಿ ಮೂಲೆಗೆಸೆದ ಬಟ್ಟೆಯ ಹಾಗಿರುತ್ತಿದ್ದಳು.

ಮನೆಯಲ್ಲಿ ಎರಡನೇ ಪಾಳಿ. ಅದಕ್ಕೆ ಹಾಜರಿಯೂ ಇಲ್ಲ, ರಜೆಯೂ ಇಲ್ಲ. ಒಂದರ ಹಿಂದೆ ಒಂದು ಎರಡು ಕೋಣೆ, ಆಮೇಲೆ ಅಡುಗೆಮನೆ, ಅದರಾಚೆ ಬಚ್ಚಲು. ಮುಂದಿನ ಕೋಣೆಯ ಮಂಚದಲ್ಲಿ ಅತ್ತೆ. ಸೊಂಟ ಮುರಿದುಕೊಂಡು ಮಲಗಿದ ಮೇಲೆ ತನ್ನ ಮೈಯಲ್ಲಿ ಗಟ್ಟಿಮುಟ್ಟಾಗಿ ಉಳಿದದ್ದು ಬಾಯಿ ಒಂದೇ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅವರಿಗೆ ಉಣ್ಣಿಸುವುದು, ಒರೆಸುವುದು, ಹೊರಳಿಸುವುದು, ಬೆಡ್‌ಪ್ಯಾನ್ ಇಟ್ಟು ತೆಗೆಯುವುದು ಎಲ್ಲ ಸೊಸೆಯದು. ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ತೊಳೆಯುವ ಪಾತ್ರೆಯಲ್ಲಿ ಅರ್ಧ ಅವಳ ಪಾಲಿಗೆ. ಗಂಡ ಪ್ಲಂಬರ್. ಊರ ತುಂಬ ಅವನಿಗೆ ಬೇಡಿಕೆ. ಎಂಥಾ ಕಟ್ಟಿದ ಪೈಪನ್ನೂ ಬಿಡಿಸುತ್ತಾನೆ, ಅಸಹ್ಯ ಪಟ್ಟುಕೊಳ್ಳುವುದಿಲ್ಲ, ಬರಿಗೈ ಹಾಕಿಬಿಡುತ್ತಾನೆ ಎಂದು ಜನ ಹೊಗಳುತ್ತಿದ್ದರು. ಮನೆಯಲ್ಲಿ ಅವನ ಪಾಲಿಗಿದ್ದದ್ದು ಬಚ್ಚಲಿನ ತೂಬು ಒಂದೇ. ಅದನ್ನೂ ಅವಳು ನಾಲ್ಕು ಸಲ ನೆನಪಿಸಿ, ಐದನೇ ಸಲ ಬಾಯಿಬಿಟ್ಟು ಬೇಡಿದ ಮೇಲೆ ಮಾಡುತ್ತಿದ್ದ.

ಅವಳಿಗೆ ಮೂಗಿನ ಬಲಗಡೆ ಕಟ್ಟಿಕೊಳ್ಳುತ್ತಿತ್ತು. ಬಟ್ಟೆಯ ನೂಲಿನ ಧೂಳು, ಬಿಸಿ ಆವಿ, ಹೊರಗೆ ಬಂದರೆ ತಣ್ಣನೆ ಗಾಳಿ. ವರ್ಷಗಟ್ಟಲೆ ಹೀಗೇ ಇದ್ದರೆ ಇನ್ನೇನಾಗುತ್ತದೆ? ಮಲಗಿದರೆ ಗೊರಕೆ. ಗಂಡ ಅದಕ್ಕೆ ಮೋಟಾರು ಎಂದು ಹೆಸರಿಟ್ಟಿದ್ದ. "ನಮ್ಮನೇಲಿ ಟ್ಯಾಂಕಿಗೆ ನೀರು ಹತ್ತಲ್ಲ, ಆದ್ರೂ ರಾತ್ರಿಯಿಡೀ ಮೋಟಾರು ಓಡ್ತಿರುತ್ತೆ" ಎಂದು ಅಂಗಡಿಕಟ್ಟೆಯಲ್ಲಿ ಹೇಳಿ ನಗಿಸುತ್ತಿದ್ದ. ಮನೆಗೆ ಬಂದರೆ ನಗು ಇರುತ್ತಿರಲಿಲ್ಲ. ದಿಂಬು ಎಸೆಯುತ್ತಿದ್ದ. ಕೊನೆಗೆ ಅವನೇ ಅವಳನ್ನು ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹೆಂಡತಿಯ ಆರೋಗ್ಯದ ಮೇಲೆ ಎಷ್ಟು ಕಾಳಜಿ ಎಂದು ಎದುರುಮನೆಯಾಕೆ ಹೊಟ್ಟೆಕಿಚ್ಚು ಪಟ್ಟಳು.

ಡಾಕ್ಟರು ಚುರುಕಿನ ಹುಡುಗ, ಮಾತಿಗೊಮ್ಮೆ ಗಡಿಯಾರ ನೋಡುವವರು. "ಏನು ತೊಂದರೆ?" ಎಂದು ಅವಳನ್ನೇ ಕೇಳಿದರು.

"ಗೊರಕೆ ಡಾಕ್ಟ್ರೇ," ಅಂದ ಗಂಡ. "ನನಗೆ ನಿದ್ದೆಯೇ ಇಲ್ಲ."

ತೊಂದರೆ ಗಂಡನದು, ಮೂಗು ಹೆಂಡತಿಯದು. ಚಿಕಿತ್ಸೆ ಅಲ್ಲಿಂದಲೇ ಶುರುವಾಯಿತು.

ಡಾಕ್ಟರು ನಳಿಗೆ ಹಾಕಿ ಒಳಗೆ ನೋಡಿದರು. ಮೂಗಿನ ಒಳಗೋಡೆಯಲ್ಲಿ ಎಲ್ಲರಿಗೂ ಮಾಂಸದ ಮಡಿಕೆಗಳಿರುತ್ತವೆ, ಇವಳಿಗೆ ಬಲಗಡೆಯದು ದಪ್ಪವಾಗಿದೆ ಎಂದರು. "ಅದನ್ನ ಸ್ವಲ್ಪ ಸವರಿದ್ರೆ ಸಾಕು. ಎಡಗಡೆ ಅಂಥದ್ದೇನಿಲ್ಲ. ಬೇಕಾದ್ರೆ ಮುಂದೆ ಯಾವಾಗಲಾದ್ರೂ ನೋಡೋಣ."

ಗಂಡ ಕುರ್ಚಿಯ ತುದಿಗೆ ಬಂದ. "ಮುಂದೆ ಅಂದ್ರೆ ಮತ್ತೆ ಮಲಗಬೇಕಾ ಇವಳು? ಆಗಲ್ಲ ಡಾಕ್ಟ್ರೇ. ಮನೇಲಿ ಅಮ್ಮ ಹಾಸಿಗೆ ಹಿಡಿದಿದ್ದಾರೆ. ಇವಳು ಎರಡೆರಡು ಸಲ ಮಲಗಿದ್ರೆ ಮನೆ ನಡೆಯಲ್ಲ. ಎರಡೂ ಕಡೆ ಒಂದೇ ಸಲಕ್ಕೆ ತೆಗೆದುಬಿಡಿ. ಸ್ವಲ್ಪ ಅಲ್ಲ, ಚೆನ್ನಾಗಿ ತೆಗೀರಿ. ನಾನು ಪೈಪಿನವನು, ನನಗೆ ಗೊತ್ತು. ಒಳಗೆ ಒಂಚೂರು ಉಳಿಸಿದ್ರೂ ಅಲ್ಲಿಂದಲೇ ಮತ್ತೆ ಕಟ್ಟೋಕೆ ಶುರುವಾಗುತ್ತೆ. ಗೋಡೆ ನುಣ್ಣಗೆ ಕೆರೆದರೆ ಆಯಸ್ಸು ಪೂರ್ತಿ ತೊಂದರೆ ಇಲ್ಲ."

ಡಾಕ್ಟರು ನಕ್ಕರು. "ನಿಮ್ಮ ಯಜಮಾನರು ಅರ್ಧ ಡಾಕ್ಟ್ರೇ ಕಣಮ್ಮ."

ಎಡಗಡೆ ಚೆನ್ನಾಗಿದೆಯಲ್ಲ, ಅದನ್ನೇಕೆ ಮುಟ್ಟಬೇಕು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಬಾಯಿಗೆ ತರುವಷ್ಟರಲ್ಲಿ ಸಹಿ ಹಾಕುವ ಜಾಗ ತೋರಿಸಿದರು. ಹಾಕಿದಳು.

ಆಪರೇಷನ್ ಆಗಿ, ಮೂಗಿನೊಳಗೆ ತುರುಕಿದ ಬ್ಯಾಂಡೇಜು ತೆಗೆಯುವ ಮೊದಲೇ ಅವಳು ಒಲೆಯ ಮುಂದಿದ್ದಳು. ಗೊರಕೆ ನಿಂತಿತು. ಗಂಡ ಕೆಂಪು ಕಣ್ಣು ಹೋಗಿ, ಕೆನ್ನೆ ತುಂಬಿ, ಲಕಲಕ ಅನ್ನತೊಡಗಿದ. ಯಾರು ಸಿಕ್ಕರೂ ಆ ಡಾಕ್ಟರ ವಿಳಾಸ ಕೊಡುತ್ತಿದ್ದ.

ಅವಳಿಗೆ ಮಾತ್ರ ನಿದ್ದೆ ಹೋಯಿತು. ಕಣ್ಣು ಮುಚ್ಚುವಷ್ಟರಲ್ಲಿ ಉಸಿರೇ ಬರುತ್ತಿಲ್ಲ ಅನ್ನಿಸಿ ಎದ್ದು ಕೂರುತ್ತಿದ್ದಳು. ಬಾಯಿ ತೆರೆದು ಗಾಳಿ ನುಂಗುತ್ತಿದ್ದಳು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಆದರೆ ಗಾಳಿ ಒಳಗೆ ಹೋಯಿತು ಅನ್ನುವುದನ್ನು ಮೂಗು ಅವಳಿಗೆ ಹೇಳುತ್ತಿರಲಿಲ್ಲ. ಹಾರುಹೊಡೆದ ಬಾಗಿಲಿನ ಮನೆಯ ಹಾಗೆ, ಯಾರು ಬಂದರು ಯಾರು ಹೋದರು ಒಂದೂ ತಿಳಿಯದು. ಮೊದಲು ಕಟ್ಟಿದ ಬಲಗಡೆಯಲ್ಲೂ ಎಳೆಯಷ್ಟಾದರೂ ತಂಪು ಹಾಯುವುದು ಗೊತ್ತಾಗುತ್ತಿತ್ತು. ಈಗ ಎರಡೂ ಕಡೆ ಒಣ ಮರದ ಪೊಟರೆ. ಮುಳುಗಿದವರು ಮೇಲೆ ಬರಲು ಕಾಲು ಬಡಿಯುವ ಹಾಗೆ ಇಡೀ ದಿನ ಒಳಗೊಳಗೇ ಬಡಿಯುತ್ತಿದ್ದಳು. ಆ ಬಡಿತದ ನಡುವೆಯೇ ಅತ್ತೆಗೆ ಉಣ್ಣಿಸಬೇಕು, ಅಂಗಿಯ ಕಾಲರು ತಿರುಗಿಸಬೇಕು.

ಮತ್ತೆ ಡಾಕ್ಟರ ಹತ್ತಿರ ಹೋದರು. ಅವರು ತಣ್ಣನೆಯ ಸ್ಟೀಲಿನ ಪಟ್ಟಿಯೊಂದನ್ನು ಅವಳ ಮೂಗಿನ ಕೆಳಗೆ ಹಿಡಿದರು. ಪಟ್ಟಿಯ ಮೇಲೆ ಎರಡೂ ಕಡೆ ಮಂಜು ಕೂತಿತು.

"ನೋಡಮ್ಮ, ಗಾಳಿ ಎಷ್ಟು ಸಲೀಸಾಗಿ ಹೋಗ್ತಿದೆ! ಹೆದ್ದಾರಿ ಇದ್ದ ಹಾಗಿದೆ. ಇದು ನಿಮ್ಮ ಮನಸ್ಸಿನ ಭಯ ಅಷ್ಟೇ. ನಿದ್ದೆಗೆ ಮಾತ್ರೆ ಕೊಡ್ತೀನಿ."

ಗಂಡ ಆ ಹೆದ್ದಾರಿಯನ್ನು ಮನೆಗೆ ಹೊತ್ತುತಂದ. ಅವಳು ಎದೆ ಹಿಡಿದುಕೊಂಡಾಗಲೆಲ್ಲ, "ಡಾಕ್ಟ್ರೇ ಹೇಳಿದ್ದಾರೆ ಕಣೇ, ಹೆದ್ದಾರಿ! ಲಾರಿ ಓಡಿಸಬಹುದು" ಅನ್ನುತ್ತಿದ್ದ. ಅತ್ತೆ ನೋಡಲು ಬಂದವರಿಗೆ ಹೇಳುತ್ತಿದ್ದರು: "ಉಸಿರಾಡ್ತಿದ್ದಾಳಂತೆ, ಅವಳಿಗೇ ಗೊತ್ತಾಗಲ್ವಂತೆ. ನಾನು ಊಟ ಮಾಡಿದ್ದು ನನಗೇ ಗೊತ್ತಾಗಿಲ್ಲ ಅಂದ್ರೆ ಇನ್ನೊಂದು ತಟ್ಟೆ ಹಾಕ್ತಾಳಾ ಕೇಳಿ."

ಅವಳಿಗೆ ವಾಸನೆಯೂ ಹೋಗಿದೆ ಎಂದು ಮನೆಯವರಿಗೆ ತಿಳಿದದ್ದು ಇಲಿಯಿಂದ. ಅಡುಗೆಮನೆಯ ಕಪಾಟಿನ ಹಿಂದೆ ಸತ್ತು ಕೊಳೆತಿತ್ತು. ಗಂಡ ಹೊಸ್ತಿಲಲ್ಲೇ ಮುಖ ಮುಚ್ಚಿಕೊಂಡು ನಿಂತ. ಅವಳು ಅದರ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದಳು.

"ನಿನಗೆ ಬರ್ತಿಲ್ವಾ?"

"ಏನು?"

ಅವನ ಮುಖದಲ್ಲಿ ಅವಳು ಹುಡುಕಿದ್ದು ಗಾಬರಿ. ಸಿಕ್ಕಿದ್ದು ಸಮಾಧಾನ. "ಹಾಗಾದ್ರೆ ನೀನೇ ತೆಗೆದುಬಿಡು," ಅಂದ. "ನಿನಗೇನೂ ತೊಂದರೆ ಇಲ್ವಲ್ಲ."

ಆ ದಿನದಿಂದ ಮನೆಯ ನಾತವೆಲ್ಲ ಅವಳ ಹೆಸರಿಗೆ ಬಂತು. ತೂಬು ಅವಳದಾಯಿತು. ಅದಕ್ಕೆ ಸುರಿಯುವ ಆಸಿಡ್ಡೂ ಅವಳದು. ಮಹಡಿಯ ಮನೆಯವರ ಪೈಪು ಸೋರಿ ಅಂಗಳಕ್ಕೆ ಬಂದದ್ದೂ ಅವಳದು. ಬೀದಿನಾಯಿ ಬಾಗಿಲಲ್ಲಿ ಮಾಡಿ ಹೋದದ್ದಕ್ಕೆ ಎದುರುಮನೆಯಾಕೆಯೂ ಇವಳನ್ನೇ ಕೂಗಿದಳು. "ಪಾಪ, ನಿಮಗಾದ್ರೆ ವಾಸನೆ ಇಲ್ಲ" ಎಂದು ಮರುಗುತ್ತಲೇ ಪೊರಕೆ ಕೊಟ್ಟಳು. ಉಸಿರು ಕಟ್ಟುತ್ತದೆ ಎಂದರೆ, ನಿನ್ನ ಮೂಗಿಗೇನಾಗಿದೆ, ಚೆನ್ನಾಗಿಯೇ ಇದೆ ಅನ್ನುತ್ತಿದ್ದರು. ಗಲೀಜು ಬಳಿಯುವ ಹೊತ್ತಿಗೆ, ನಿನಗೆ ಮೂಗೆಲ್ಲಿದೆ ಅನ್ನುತ್ತಿದ್ದರು. ಒಂದೇ ಬಾಯಿ ಎರಡನ್ನೂ ಹೇಳುತ್ತಿತ್ತು, ನಡುವೆ ಒಮ್ಮೆಯೂ ತೊದಲದೆ.

ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿ ಮೇಜೇ ಉಳಿದ ಒಂದು ಆಸರೆ. ಒದ್ದೆ ಬಟ್ಟೆಯ ಮೇಲೆ ಪೆಟ್ಟಿಗೆ ಇಟ್ಟಾಗ ಏಳುವ ಆವಿಗೆ ಮುಖ ಒಡ್ಡಿದರೆ, ಒಣಗಿದ ಒಳಗೋಡೆ ನೆನೆದು, ಒಂದೆರಡು ಉಸಿರು ಸುಳಿವು ಕೊಟ್ಟು ಹೋಗುತ್ತಿತ್ತು. ಮೂಗಿನ ಸುದ್ದಿ ಮೇಸ್ತ್ರಿಯ ಕಿವಿಗೆ ಬಿದ್ದದ್ದೇ ಆ ಆಸರೆಯೂ ತಪ್ಪಿತು. ಆಸ್ಪತ್ರೆಗಳಿಂದ ಬರುವ ಬಟ್ಟೆಯನ್ನು ಬಿಚ್ಚಿ ವಿಂಗಡಿಸಿ ಬ್ಲೀಚಿನ ನೀರಿಗೆ ಹಾಕುವ ಹಿಂದಿನ ಕೋಣೆಗೆ ಅವಳನ್ನು ಕಳಿಸಿದ.

"ನನಗೆ ಆವಿ ಬೇಕು ಮೇಸ್ತ್ರಿ. ಅದಿದ್ರೇನೇ ನನಗೆ ಉಸಿರು."

"ಅಲ್ಲಿ ಯಾರೂ ನಿಲ್ಲಲ್ಲ ಅಕ್ಕ, ಎಲ್ಲರಿಗೂ ವಾಂತಿ. ನಿಮಗೆ ಬಿಡಿ, ದೇವರು ಕೊಟ್ಟ ವರ."

ವರ ಪಡೆದವಳು ಕೆಲವು ವಾರಗಳಲ್ಲಿ ಆ ಬಟ್ಟೆಗಳ ಗುಡ್ಡೆಯ ಮೇಲೇ ಕುಸಿದು ಕೂತಳು. ಬಾಯಿ ತೆರೆದಿತ್ತು, ಕೈ ಕುತ್ತಿಗೆ ಹಿಡಿದಿತ್ತು. ಹೆಂಗಸರು ಆಟೋ ಹತ್ತಿಸಿ ದೊಡ್ಡಾಸ್ಪತ್ರೆಗೆ ಒಯ್ದರು. ಹೃದಯ ನೋಡಿದರು, ಸರಿಯಿತ್ತು. ಶ್ವಾಸಕೋಶ ನೋಡಿದರು, ಅದೂ ಸರಿಯಿತ್ತು. ಕೊನೆಗೆ ಮೂಗಿನ ವಿಭಾಗಕ್ಕೆ ಕಳಿಸಿದರು. ಅಲ್ಲಿದ್ದದ್ದು ವಯಸ್ಸಾದ ಡಾಕ್ಟರಮ್ಮ.

"ಏನು ತೊಂದರೆ?"

ಅವಳು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ತಾನೇ ಹೇಳಬೇಕು.

"ಗಾಳಿ ಹೋಗುತ್ತಂತೆ ಮೇಡಂ. ನನಗೆ ಗೊತ್ತಾಗಲ್ಲ."

ಡಾಕ್ಟರಮ್ಮ ನಗಲಿಲ್ಲ. ದೀಪ ಹಾಕಿ ಬಹಳ ಹೊತ್ತು ನೋಡಿದರು. ಆಮೇಲೆ ಉಪ್ಪುನೀರಿನಲ್ಲಿ ನೆನೆಸಿದ ಹತ್ತಿಯ ಸಣ್ಣ ಉಂಡೆಯನ್ನು ಎಡಗಡೆಯ ಒಳಗೋಡೆಗೆ, ಮಾಂಸ ಕತ್ತರಿಸಿದ ಜಾಗದಲ್ಲಿ, ಮೆಲ್ಲನೆ ಒರಗಿಸಿಟ್ಟರು. "ಈಗ ಉಸಿರು ತಗೊಳ್ಳಿ."

ದಾರಿ ಅರ್ಧ ಮುಚ್ಚಿತ್ತು. ಆ ಅರ್ಧ ದಾರಿಯಲ್ಲಿ ತಂಪಾದದ್ದು ಏನೋ ಸರಿದು ಒಳಗೆ ಹೋಯಿತು. ಹೋದದ್ದು ಅವಳಿಗೆ ಗೊತ್ತಾಯಿತು. ಕೈ ಕುತ್ತಿಗೆಯಿಂದ ತಾನಾಗಿಯೇ ಕೆಳಗೆ ಜಾರಿತು. ಡಾಕ್ಟರಮ್ಮ ಹತ್ತಿ ತೆಗೆಯಲು ಚಿಮಟ ಹಿಡಿದಾಗ ಮುಖ ಹಿಂದಕ್ಕೆಳೆದುಕೊಂಡಳು.

"ಇನ್ನೊಂಚೂರು ಹೊತ್ತು ಇರ್ಲಿ ಮೇಡಂ."

"ಇರ್ಲಿ ಬಿಡಿ," ಅಂದರು ಅವರು. ಆಮೇಲೆ ಬಿಡಿಸಿ ಹೇಳಿದರು. ವಾಸನೆಯ ನರ ಬೇರೆ, ಗಾಳಿಯ ತಂಪು ತಿಳಿಯುವ ನರ ಬೇರೆ. ಆ ಮಾಂಸದ ಮಡಿಕೆಗಳ ಮೇಲೆಯೇ ತಂಪಿನ ನರಗಳು ಹರಡಿಕೊಂಡಿರುತ್ತವೆ. ಗಾಳಿ ಅವುಗಳಿಗೆ ಸವರಿಕೊಂಡು ಹೋದರೆ ಮಾತ್ರ ಉಸಿರು ಬಂತು ಎಂದು ತಲೆಗೆ ಸುದ್ದಿ ಮುಟ್ಟುತ್ತದೆ. ಮಡಿಕೆಯನ್ನು ಬುಡದವರೆಗೆ ತೆಗೆದಿದ್ದಾರೆ. ಗಾಳಿ ಧಾರಾಳವಾಗಿ ಹೋಗುತ್ತದೆ, ಯಾರನ್ನೂ ಮುಟ್ಟದೆ, ಮೇಲಿರುವ ವಾಸನೆಯ ನರದವರೆಗೂ ಏರದೆ. "ಇದು ಭಯ ಅಲ್ಲ ಕಣಮ್ಮ. ಸುದ್ದಿ ಬರದೆ ಇದ್ರೆ ಯಾರಿಗಾದ್ರೂ ಭಯವಾಗುತ್ತೆ."

ಭಯ ಅಲ್ಲ ಅನ್ನುವ ಆ ಮಾತಿಗೆ ಅವಳಿಗೆ ಅಳು ಬಂತು.

ಮಾಡಬಹುದಾದದ್ದು ಒಂದಿತ್ತು. ಕಿವಿಯ ಮೆತ್ತನೆಯ ಎಲುಬಿನ ಚೂರು ತೆಗೆದು, ಮೂಗಿನ ಒಳಪೊರೆಯ ಕೆಳಗೆ ಕೂರಿಸಿ, ಹೋದ ಮಡಿಕೆಯ ಜಾಗದಲ್ಲಿ ಒಂದು ಉಬ್ಬು ಮಾಡುವುದು. ಮೊದಲು ಎಡಗಡೆ ಮಾತ್ರ. ಅದು ಹಿಡಿದರೆ ಆಮೇಲೆ ಬಲಗಡೆ. ಪೂರ್ತಿ ಮೊದಲಿನ ಹಾಗೆ ಆಗುತ್ತದೆ ಎಂದು ಅವರು ಮಾತು ಕೊಡಲಿಲ್ಲ. ಆದರೆ ಮಾಡಿಸಿಕೊಂಡ ಮೇಲೆ ಎರಡು ವಾರ ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ, ಹೊಗೆ ಆಸಿಡ್ಡು ಬ್ಲೀಚು ಹತ್ತಿರ ಸುಳಿಯುವ ಹಾಗಿಲ್ಲ. ಕೂರಿಸಿದ್ದು ಜಾರಿದರೆ ಎರಡನೇ ಸಲಕ್ಕೆ ಹಿಡಿಯುವುದು ಕಷ್ಟ.

"ಮನೇಲಿ ಯಾರಿದ್ದಾರೆ?"

"ಎಲ್ಲರೂ ಇದ್ದಾರೆ ಮೇಡಂ."

"ಕೆಲಸ ಮಾಡೋಕೆ ಯಾರಿದ್ದಾರೆ ಅಂತ ಕೇಳಿದೆ."

ಡಾಕ್ಟರಮ್ಮ ಒಂದು ಪೊಟ್ಟಣ ಹತ್ತಿ ಕೊಟ್ಟು, ದಿನಕ್ಕೆ ಸ್ವಲ್ಪ ಹೊತ್ತು ಹೀಗೆ ಒದ್ದೆ ಮಾಡಿ ಇಟ್ಟುಕೊಳ್ಳಲು ಹೇಳಿಕೊಟ್ಟು ಕಳಿಸಿದರು.

ಮನೆಯಲ್ಲಿ ಅವಳು ಮೂಗಿಗೆ ಹತ್ತಿ ಇಟ್ಟುಕೊಂಡದ್ದನ್ನು ಕಂಡು ಅತ್ತೆ ಹೌಹಾರಿದರು. "ತೆಗಿಯೇ ಅದನ್ನ! ಮೂಗಿಗೆ ಹತ್ತಿ ಇಟ್ಟವರು ಅಡುಗೆಮನೇಲಿ ಓಡಾಡಲ್ಲ, ನಾಲ್ಕು ಜನ ಹೊತ್ಕೊಂಡು ಹೋಗ್ತಾರೆ. ಸಾಯೋ ವಯಸ್ಸು ನಂದು, ಅವಸರ ನಿಂದು."

ಗಂಡ ವಿಷಯ ಪೂರ್ತಿ ಕೇಳಿದ. ಕೇಳಿ, "ಕಟ್ಟಿತ್ತು ಅಂತ ತೆಗೆಸಿದ್ವಿ. ಈಗ ತೆಗೆಸಿದ್ದಕ್ಕೆ ಕಟ್ಟಿಸ್ತಾಳಂತೆ!" ಅಂದ. "ನನ್ನ ಗಿರಾಕಿ ಯಾರಾದ್ರೂ ಹೀಗಂದ್ರೆ ಸಾಮಾನು ಎತ್ಕೊಂಡು ಎದ್ದು ಬರ್ತೀನಿ."

"ನನಗೆ ಉಸಿರು ಬೇಕು ರೀ."

ಅವಳು ಅದನ್ನು ಹೇಳಿದ ರೀತಿಗೋ ಏನೋ, ಅವನು ಸ್ವಲ್ಪ ತಗ್ಗಿದ. "ಆಯ್ತು ಮಾಡಿಸ್ಕೋ. ಆದ್ರೆ ಎರಡು ವಾರ ಅಮ್ಮನ್ನ ಯಾರು ನೋಡ್ತಾರೆ?" ಎಂದು ಕೇಳಿ, ತಾನೇ ಉತ್ತರವನ್ನೂ ಕಂಡುಕೊಂಡ. ಗೋಡೆಗೆ ಒರಗಿ ಓದುತ್ತಿದ್ದ ಮಗಳ ಕಡೆ ಗದ್ದ ಎತ್ತಿದ. "ಇವಳಿದ್ದಾಳಲ್ಲ."

"ಅವಳಿಗೆ ಪರೀಕ್ಷೆ."

"ಪರೀಕ್ಷೆ ಮುಂದಿನ ಸಲಾನೂ ಬರುತ್ತೆ. ಹೆಣ್ಣುಮಗಳು, ಕಲೀಲಿ."

"ನಾನು ಮಾಡ್ತೀನಿ ಬಿಡಮ್ಮ," ಅಂದಳು ಮಗಳು. ಅಂದು ಪುಸ್ತಕ ಮುಚ್ಚಿದಳು.

ತಾಯಿಗೆ ಚುಚ್ಚಿದ್ದು ಗಂಡನ ಮಾತಲ್ಲ, ಪುಸ್ತಕ ಮುಚ್ಚಿದ ವೇಗ. ಯಾರೂ ಹೇಳಿಕೊಡದೆ ಹುಡುಗಿ ಕಲಿತುಬಿಟ್ಟಿದ್ದಳು. ತನ್ನದನ್ನು ಮುಚ್ಚಿಟ್ಟು ಏಳುವುದನ್ನು ಕಲಿಯಲು ತಾಯಿಗಾದರೂ ಮದುವೆಯಾಗಬೇಕಾಗಿತ್ತು.

"ತೆಗಿ ಪುಸ್ತಕ," ಅಂದಳು. ಗಂಡನಿಗೆ ಹೇಳಿದಳು: "ನಾನು ಆಸ್ಪತ್ರೆಯಿಂದ ನಮ್ಮಕ್ಕನ ಮನೆಗೆ ಹೋಗ್ತೀನಿ. ಇವಳೂ ಅಲ್ಲೇ ಇದ್ದು ಓದ್ಕೋತಾಳೆ."

"ಅಮ್ಮನ್ನ?"

"ನೀವು ನೋಡ್ಕೊಳ್ಳಿ. ನಿಮ್ಮಮ್ಮ."

ಅವನು ನಕ್ಕ. ಹೆಂಡತಿ ತಮಾಷೆ ಮಾಡುವುದು ಅಪರೂಪ ಎಂದುಕೊಂಡಿರಬೇಕು. ಆಸ್ಪತ್ರೆಗೆ ಹೋಗುವ ಬೆಳಗ್ಗೆ ಅವಳು ಸೋಪು, ಬಟ್ಟೆ, ಕೈಗವಸು, ಬಕೆಟ್ಟು ಎಲ್ಲೆಲ್ಲಿವೆ ಎಂದು ತೋರಿಸುವಾಗಲೂ ಅವನು ಹೂಂ ಹೂಂ ಅಂದನೇ ಹೊರತು ತಲೆಯೆತ್ತಿ ನೋಡಲಿಲ್ಲ.

ಎಚ್ಚರವಾದಾಗ ಎಡಗಡೆ ನೋವಿತ್ತು, ಊತವಿತ್ತು. ಒಳಗೆ ತುರುಕಿದ್ದನ್ನು ತೆಗೆದ ದಿನ ಆ ಊತದ ಸಂದಿಯಲ್ಲಿ, ಕೂದಲೆಳೆಯಷ್ಟು, ತಂಪು. ಅವಳು ಉಸಿರು ಬಿಟ್ಟು ಮತ್ತೆ ಎಳೆದು ನೋಡಿದಳು. ಇತ್ತು. ಇಲ್ಲ ಅಂದುಕೊಂಡು ಎಳೆದು ನೋಡಿದಳು. ಆಗಲೂ ಇತ್ತು.

ಅಕ್ಕ ಟೈಲರ್. ಒಂದೇ ಕೋಣೆಯ ಮನೆ, ಮುಂದಿನ ತಡಿಕೆಯಾಚೆ ಹೊಲಿಗೆ ಮಷೀನು. ತಂಗಿಗೆ ಮಂಚ ಬಿಟ್ಟುಕೊಟ್ಟು ತಾನು ನೆಲದಲ್ಲಿ ಮಲಗಿದಳು. "ರಾಣಿ ಥರ ಮಲಗು. ನಿನ್ನ ರಾಜ್ಯ ಎಲ್ಲೂ ಓಡಿಹೋಗಲ್ಲ, ಹೋದ್ರೆ ಪುಣ್ಯ" ಅಂದಳು. ಗಿರಾಕಿಗಳ ಬಟ್ಟೆ ಬದಿಗಿಟ್ಟು ತಂಗಿಗೆ ಬೇಯಿಸಿದಳು, ಮಗಳಿಗೆ ಬುತ್ತಿ ಕಟ್ಟಿದಳು. ಮಲಗಿದವಳು ಅದನ್ನೂ ನೋಡುತ್ತಿದ್ದಳು. ತಾನು ಕೆಳಗಿಳಿಸಿದ ಹೊರೆಯನ್ನು ಎತ್ತಿಕೊಂಡದ್ದು ಇನ್ನೊಬ್ಬ ಹೆಂಗಸೇ. ಆದರೂ ನಿದ್ದೆ ಬಂತು. ಶಸ್ತ್ರಚಿಕಿತ್ಸೆಯಾದ ಮೇಲೆ, ಆ ಮೊದಲನೆಯದಾದ ಮೇಲೆ, ಮಲಗಿ ನಿದ್ದೆ ಮಾಡಿದ್ದು ಅಲ್ಲೇ.

ವಾರ ತುಂಬುವ ಮೊದಲೇ ಗಂಡನ ಫೋನು ಬಂತು.

"ಅಮ್ಮ ನೀರು ಬಿಟ್ಟಿದ್ದಾರೆ. ಊಟಾನೂ ಅಷ್ಟಕ್ಕಷ್ಟೇ."

"ಯಾಕೆ?"

"ಕುಡಿದ್ರೆ ಆಮೇಲೆ ಹೋಗಬೇಕಲ್ಲ. ನನ್ನ ಕೈಲಿ ಮಾಡಿಸ್ಕೊಳ್ಳೋಕೆ ನಾಚಿಕೆಯಂತೆ. ಎದುರುಮನೆಯಾಕೆ ಒಂದೆರಡು ದಿನ ಬಂದ್ಲು, ಈಗ ಬಾಗಿಲು ತೆಗೀತಿಲ್ಲ. ತುಟಿಯೆಲ್ಲ ಒಡೆದಿದೆ. ನೀನು ಬಂದುಬಿಡು."

"ನಾನು ಬಗ್ಗೋ ಹಾಗಿಲ್ಲ ರೀ."

"ಒಂದು ಸಲ ಬಗ್ಗಿದ್ರೆ ಪ್ರಾಣ ಹೋಗುತ್ತಾ?"

"ಒಳಗಿಟ್ಟಿರೋದು ಜಾರುತ್ತೆ. ಮತ್ತೆ ಕೂರಲ್ಲ ಅಂದಿದ್ದಾರೆ. ನೀವು ಮಾಡಿ. ಗವಸು ಹಾಕ್ಕೊಂಡು..."

"ನನ್ನ ಕೈಲಾಗಲ್ಲ! ಒಳಗೆ ಕಾಲಿಡೋಕಾಗ್ತಿಲ್ಲ, ಅಷ್ಟು ನಾತ."

"ಊರೋರ ಕಕ್ಕಸಿನ ಪೈಪಿಗೆಲ್ಲ ಬರಿಗೈ ಹಾಕ್ತೀರಲ್ರೀ."

"ಅದು ಕೆಲಸ ಕಣೇ!"

ಅವನು ಅದನ್ನು ನಿಜವಾಗಿ ನೊಂದು ಹೇಳಿದ. ಇಷ್ಟೂ ತಿಳಿಯದ ಹೆಂಡತಿ ಸಿಕ್ಕಳಲ್ಲ ಅನ್ನುವ ಹಾಗೆ. ತಡಿಕೆಯಾಚೆ ಮಷೀನು ನಿಂತಿತು.

"ಇದೂ ಕೆಲಸವೇ," ಅಂದಳು ಅವಳು. "ಫೋನು ಅತ್ತೆ ಕಿವಿ ಹತ್ರ ಹಿಡೀರಿ."

ಒಣ ಗಂಟಲಿನ ಸದ್ದು ಬಂತು. ಬಾಯಿ ಗಟ್ಟಿಯಾಗಿ ಉಳಿದಿದೆ ಅನ್ನುತ್ತಿದ್ದವರದು.

"ಅತ್ತೆ, ನೀರು ಕುಡೀರಿ."

"ನೀನು ಬಾ, ಕುಡೀತೀನಿ."

"ನಿಮ್ಮ ಮಗ ಇದ್ದಾರಲ್ಲ."

"ಅವನು ಗಂಡಸು ಕಣೇ."

"ಹೆತ್ತವರಿಗೆ ಮಗನೇ ಅತ್ತೆ. ಅವರದ್ದು ನೀವು ಎಷ್ಟು ವರ್ಷ ಬಳಿದಿದ್ದೀರಿ."

"ಬಳಿದಿದ್ದೀನಿ," ಅಂದರು ಅತ್ತೆ. "ನಾಳೆ ಅವನು ನನ್ನದು ಬಳೀಲಿ ಅಂತ ಬಳೀಲಿಲ್ಲ. ಅವನಿಗೆ ಆ ಗತಿ ಬಾರದೆ ಇರ್ಲಿ ಅಂತಲೇ ಅಲ್ವಾ ನಿನ್ನ ತಂದದ್ದು?"

ಅವಳಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಆದರೂ ಅಷ್ಟು ನಯವಾಗಿ, ಪ್ರೀತಿಯ ದನಿಯಲ್ಲಿ, ಯಾರೂ ಅದನ್ನು ಹೇಳಿರಲಿಲ್ಲ. ಮುದುಕಿ ನಿಜಕ್ಕೂ ಒಣಗುತ್ತಿದ್ದಳು. ಮಗನ ಕೈ ಕೊಳೆಯಾಗಬಾರದೆಂದು ಪ್ರಾಣ ಬಿಡಲೂ ತಯಾರಿದ್ದಳು. ಕೇಳುತ್ತಿದ್ದವಳ ಕಾಲು ತಾನಾಗಿಯೇ ನೆಲ ಮುಟ್ಟಿತ್ತು. ಕೈ ಚಪ್ಪಲಿ ಹುಡುಕುತ್ತಿತ್ತು. ಚಪ್ಪಲಿ ಮಂಚದ ಕೆಳಗಿತ್ತು, ತೆಗೆಯಬೇಕಾದರೆ ಬಗ್ಗಬೇಕು.

ಅಕ್ಕ ಕೊರಳಿಗೆ ಟೇಪು ಹಾಕಿಕೊಂಡು ತಡಿಕೆಯ ಹತ್ತಿರ ನಿಂತಿದ್ದಳು. ತಂಗಿ ಬಾಯಿ ಮುಚ್ಚಿ ಎಡಗಡೆಯಿಂದ ಉಸಿರೆಳೆದಳು. ತಂಪು ಬಂತು, ಹೋಯಿತು. ಕಾಲು ಮೇಲಕ್ಕೆಳೆದುಕೊಂಡು ಕೂತಳು.

"ಅತ್ತೆ, ನಾನು ಬರಲ್ಲ. ಬರೋಕಾಗಲ್ಲ. ಬೇರೆ ಯಾರೂ ಬರಲ್ಲ. ಫೋನು ಅವರಿಗೆ ಕೊಡಿ."

ಅವನಿಗೆ ಹೇಳಿಕೊಟ್ಟಳು. ನೀರು ಬಿಸಿ ಮಾಡಿ, ಕೈಗೆ ಸುಡಬಾರದು. ಮೊದಲು ಗೋಡೆ ಕಡೆ ಹೊರಳಿಸಿ, ಸೊಂಟ ಹಿಡಿದಲ್ಲ, ಭುಜ ಹಿಡಿದು. ಕೆಳಗೆ ಹಳೇ ಬಟ್ಟೆ ಹಾಸಿ. ಮುಂದಿನಿಂದ ಹಿಂದಕ್ಕೆ ಒರೆಸಿ. ಮಡಿಕೆಯಲ್ಲೆಲ್ಲ ಒಣಗಿಸಿ, ಇಲ್ಲದಿದ್ರೆ ಹುಣ್ಣಾಗುತ್ತೆ. ಅವನು ಫೋನು ಕೆಳಗಿಟ್ಟದ್ದು ಕೇಳಿಸಿತು. ಬಕೆಟ್ಟಿನ ಹಿಡಿ ಸದ್ದಾಯಿತು. ಅವನಿಗೆ ಓಕರಿಕೆ ಬಂತು. ಅತ್ತೆ ಯಾರೋ ಹೊಡೆಯುತ್ತಿರುವ ಹಾಗೆ ದನಿ ತೆಗೆದು ಅತ್ತರು. ಅವಳು ಫೋನು ಇಡಲಿಲ್ಲ, ಎಲ್ಲ ಕೇಳಿಸಿಕೊಂಡಳು. ಬಹಳ ಹೊತ್ತಿನ ಮೇಲೆ ಲೋಟಕ್ಕೆ ಹಲ್ಲು ತಾಗಿದ ಸದ್ದು. ಮುದುಕಿ ಕುಡಿಯುತ್ತಿದ್ದಳು.

ಎರಡು ವಾರ ಮುಗಿದು, ಡಾಕ್ಟರಮ್ಮ ದೀಪ ಹಾಕಿ ನೋಡಿ "ಹಿಡಿದಿದೆ" ಅಂದ ಮೇಲೆ ಅವಳು ಮಗಳ ಜೊತೆ ಬೀದಿಗೆ ವಾಪಸಾದಳು. ಅಷ್ಟರಲ್ಲಿ ಬೀದಿ ಕಥೆ ಕಟ್ಟಿ ಮುಗಿಸಿತ್ತು. ಸೊಸೆ ಮುದುಕಿಯನ್ನು ನೀರಿಲ್ಲದೆ ಬಿಟ್ಟು ಹೋದಳಂತೆ. ಮಗ, ಪಾಪ, ಗಂಡಸಾಗಿ, ತಾಯಿಯ ಮೈ ತೊಳೆದನಂತೆ. ಇಂಥ ಮಗ ಯಾರಿಗೆ ಸಿಗುತ್ತಾನೆ? ಅಂಗಡಿಕಟ್ಟೆಯವರು ಅವನಿಗೆ ಎದ್ದು ಜಾಗ ಬಿಡುತ್ತಿದ್ದರು. ಅವಳು ವರ್ಷಗಟ್ಟಲೆ ಅದನ್ನೇ ಮಾಡಿದಾಗ ಯಾರೂ ಅದಕ್ಕೊಂದು ಹೆಸರಿಟ್ಟಿರಲಿಲ್ಲ. ಎದುರುಮನೆಯಾಕೆ ಇವಳನ್ನು ಕಂಡು ಮುಖ ತಿರುಗಿಸಿದಳು.

ಹೊಸ್ತಿಲು ದಾಟಿದಾಗ ಎಡಗಡೆಗೆ ತಂಪು, ಅದರ ಬೆನ್ನಿಗೇ ನಾತ. ಕಟ್ಟಿದ ತೂಬು, ನೆನೆದ ಹಾಸಿಗೆ, ಮುದಿ ಮೈ. ಬಹಳ ದಿನಕ್ಕೆ ಬಂದ ವಾಸನೆ ಅದು. ಅವಳು ಇನ್ನೊಮ್ಮೆ ಎಳೆದುಕೊಂಡಳು.

ಗಂಡ ಮನೆಯಲ್ಲಿರಲಿಲ್ಲ. ಅವಳು ಬರುವ ದಿನ ಎಂದು ಗೊತ್ತಿದ್ದದ್ದರಿಂದಲೇ ಬೆಳಗ್ಗಿನಿಂದ ಏನೂ ಮುಟ್ಟದೆ ಕೆಲಸಕ್ಕೆ ಹೋಗಿದ್ದ. ಅತ್ತೆ ಗೋಡೆಯ ಕಡೆ ಮುಖ ಮಾಡಿದ್ದರು. ಆದರೆ ಲೋಟ ಹಿಡಿದಾಗ ಗಟಗಟನೆ ಕುಡಿದರು. ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಾಯಿಯಲ್ಲಿ ಉಸಿರಾಡುತ್ತಾ, ಅವರ ಮೈ ಒರೆಸಿ ಹಾಸಿಗೆ ಬದಲಿಸಿದಳು. ಎರಡು ಸಲ ಬಾಗಿಲಿಗೆ ಹೋಗಿ ಓಕರಿಸಿ ಬಂದಳು. ಸಹಾಯಕ್ಕೆ ಎದ್ದ ಮಗಳನ್ನು ಕಣ್ಣಲ್ಲೇ ಕೂರಿಸಿದಳು. ತೂಬನ್ನು ಮುಟ್ಟಲಿಲ್ಲ.

ಎಲ್ಲ ಆದ ಮೇಲೆ ಗಂಡ ಬಂದ. ಬಾಗಿಲಲ್ಲಿ ನಿಂತು ಮೂಗರಳಿಸಿ ನೋಡಿದ.

"ಈಗ ಮನೆ ಮನೆ ಥರ ಇದೆ," ಅಂದ. "ಬಚ್ಚಲೊಂದು ಬಾಕಿ ಅನ್ಸುತ್ತೆ."

"ಅದು ನಿಮ್ಮದು. ನನಗೀಗ ವಾಸನೆ ಬರುತ್ತೆ."

ಒಂದು ಸಲವೂ, ಹೌದಾ, ಉಸಿರು ಹೇಗಿದೆ ಎಂದು ಅವನು ಕೇಳಲಿಲ್ಲ. ಚೀಲ ಇಟ್ಟು, ಅಂಗಿ ಬಿಚ್ಚುತ್ತಾ, "ಹಾಗಾದ್ರೆ ಎಲ್ಲ ಸರಿಹೋಯ್ತು ತಾನೇ? ಮುಗೀತಲ್ಲ?" ಅಂದ.

"ಎಡಗಡೆ ಒಂದೇ ಆಗಿರೋದು. ಬಲಗಡೆಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ."

ಅವನ ಕೈ ಅಂಗಿಯ ತೋಳಿನಲ್ಲೇ ನಿಂತಿತು. ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ. ಮಗಳು ಪುಸ್ತಕದಿಂದ ತಲೆಯೆತ್ತಲಿಲ್ಲ. ಕೊನೆಗೆ ಮಂಚದ ಕಡೆ ನೋಡಿದ.

"ಮತ್ತೆ ಎರಡು ವಾರ? ಅಮ್ಮನ್ನ ಯಾರು..."

"ನಿಮಗೀಗ ಕೆಲಸ ಬರುತ್ತಲ್ಲ," ಅಂದಳು ಅವಳು.